ಮಾಳಿಗೆಯ ಮೇಲಿನ ಮಣ್ಣು

ನಾನು ನಿಪ್ಪಾಣಿಯಲ್ಲಿ ರವಿಕೆ ಹೊಲಿಯುತ್ತೇನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಮೂಲೆಗೆ ಮಶೀನು, ಎದುರಿನ ಗೋಡೆಗೆ ಟೀವಿ. ಕೈ ತನ್ನ ಕೆಲಸ ಮಾಡುತ್ತಿರುತ್ತದೆ, ಕಣ್ಣು ಆಗಾಗ ಟೀವಿಗೆ ಹೋಗಿ ಬರುತ್ತದೆ. ಮೊದಲೆಲ್ಲ ಧಾರಾವಾಹಿ ಹಾಕುತ್ತಿದ್ದೆ. ಅತ್ತೆ ಸೊಸೆಯರ ಜಗಳ ಕೇಳುತ್ತ ಕೂತರೆ ಹೊಲಿಗೆ ಬೇಗ ಓಡುತ್ತದೆ. ಈಗ ಕೆಲವು ವರ್ಷಗಳಿಂದ ಸುದ್ದಿ ಹಾಕುತ್ತೇನೆ. ಸುದ್ದಿ ಎಂದರೆ ಎಲ್ಲ ಸುದ್ದಿಯೂ ಅಲ್ಲ; ಯಾರು ಯಾವ ಪಕ್ಷಕ್ಕೆ ಹಾರಿದರು ಎಂಬುದನ್ನು ಕಟ್ಟಿಕೊಂಡು ನನಗೇನಾಗಬೇಕು? ಎಲ್ಲಿ ಭೂಮಿ ನಡುಗಿತು ಎಂಬುದಷ್ಟೇ ಬೇಕು.

ತುರ್ಕಿಯಲ್ಲಿ ಭೂಕಂಪವಾದಾಗ ನಾನೂ ಎಲ್ಲರ ಹಾಗೆ ಅಯ್ಯೋ ಪಾಪ ಎಂದೆ. ಅಲ್ಲಿ ಉರುಳಿದ್ದು ದೊಡ್ಡ ದೊಡ್ಡ ಕಟ್ಟಡಗಳು. ನಮಗೂ ಅವಕ್ಕೂ ಏನು ಸಂಬಂಧ ಎನ್ನಿಸಿತು. ಆಮೇಲೆ ಮೊರಾಕ್ಕೊ ಆಯಿತು, ಅದರ ಬೆನ್ನಿಗೇ ಅಫ್ಘಾನಿಸ್ತಾನ. ಅವತ್ತು ಮಧ್ಯಾಹ್ನ ಒಂದು ರವಿಕೆಗೆ ತೋಳು ಕೂಡಿಸುತ್ತಿದ್ದೆ. ಟೀವಿಯಲ್ಲಿ ಒಂದು ಹಳ್ಳಿ ತೋರಿಸಿದರು. ಹಳ್ಳಿ ಎಲ್ಲಿಯದು, ಬರೀ ಮಣ್ಣಿನ ಗುಡ್ಡೆಗಳು. ಗುಡ್ಡೆಯೊಳಗಿಂದ ತೊಲೆಗಳು ಹೊರಗೆ ಚಾಚಿಕೊಂಡಿದ್ದವು. ಒಬ್ಬ ಮನುಷ್ಯ ಬರಿಗೈಯಿಂದ ಮಣ್ಣು ಬಗೆಯುತ್ತಿದ್ದ. ಅವನ ಪಕ್ಕದಲ್ಲಿ ಒಂದು ಚಹಾದ ಕಿಟ್ಲಿ ಇತ್ತು, ಅದಕ್ಕೆ ಏನೂ ಆಗಿರಲಿಲ್ಲ. ಆ ಮನುಷ್ಯನ ಮಾತು, ಉಡುಪು, ಮುಖ ಯಾವುದೂ ನನಗೆ ಗೊತ್ತಿದ್ದದ್ದಲ್ಲ. ಆ ಮಣ್ಣು ಮಾತ್ರ ಗೊತ್ತಿತ್ತು. ಅದು ಗೋಡೆಯ ಮಣ್ಣಲ್ಲ, ಮಾಳಿಗೆಯ ಮಣ್ಣು. ನನ್ನ ತವರುಮನೆಯ ಮೇಲೆ ಇರುವುದೂ ಅದೇ.

ತವರೂರು ಉಗಾರದ ಹತ್ತಿರ, ಕೃಷ್ಣೆಯ ದಂಡೆಯ ಒಂದು ಹಳ್ಳಿ. ಮನೆಗೆ ಕಲ್ಲು ಮಣ್ಣಿನ ದಪ್ಪ ಗೋಡೆ. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು. ಇಂಥ ಮಾಳಿಗೆ ಸೋರಬಾರದೆಂದರೆ ಪ್ರತಿ ವರ್ಷ ಮಿರಗದ, ಅಂದರೆ ಮೃಗಶಿರದ, ಮಳೆ ಬೀಳುವ ಮೊದಲು ಅದಕ್ಕೆ ಹೊಸ ಮಣ್ಣು ಹಾಕಬೇಕು. ಅದೂ ಸವಳು ಮಣ್ಣೇ ಆಗಬೇಕು. ಅದರಲ್ಲಿ ಹುಲ್ಲು ಹುಟ್ಟುವುದಿಲ್ಲ, ನೀರು ಬಿದ್ದರೆ ಬಿಗಿದುಕೊಳ್ಳುತ್ತದೆ. ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ನಮ್ಮ ಹೊಲದ ಒಂದು ತುದಿ ಸವಳಾಗಿ ಹೋಗಿತ್ತು. ಬೆಳೆ ಬಾರದ ಆ ಮಣ್ಣು ಮನೆಯ ನೆತ್ತಿಗೆ ಬರುತ್ತಿತ್ತು. ಅಪ್ಪ ಬುಟ್ಟಿ ತುಂಬಿ ಕೊಡುವುದು, ಅಣ್ಣ ನಿಚ್ಚಣಿಕೆ ಹತ್ತುವುದು, ಅವ್ವ ಮೇಲೆ ನಿಂತು ಹರಡಿ ತುಳಿಯುವುದು. ಮನೆಗೆ ಹೊಸದಾಗಿ ಬಂದ ಸೊಸೆ ಆ ವರ್ಷದ ಮೊದಲ ಬುಟ್ಟಿ ಸುರಿಯಬೇಕೆಂಬ ರೂಢಿ ನಮ್ಮ ಮನೆಯಲ್ಲಿತ್ತು. ಅಜ್ಜಿ ಸುರಿದಿದ್ದಳು, ಅವ್ವ ಸುರಿದಿದ್ದಳು. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಮದುವೆಯ ಹಸಿರು ಬಳೆ ತೊಟ್ಟ ಕೈಯಿಂದಲೇ ಸುರಿದಳು. ಹಾಕುವ ರೂಢಿ ಇತ್ತು. ಹಳೆಯದನ್ನು ತೆಗೆಯುವ ರೂಢಿ ಇರಲಿಲ್ಲ.

ನಾನು ಸಣ್ಣವಳಿದ್ದಾಗ ಗಡಿಯಾಚೆ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸಾವಿರಾರು ಮಂದಿ ಸತ್ತಿದ್ದರು. ನಸುಕಿನಲ್ಲಿ ನಮ್ಮ ಅಡುಗೆಮನೆಯ ತಾಟುಗಳೂ ಗಲಗಲ ಎಂದವಂತೆ. ನಾನು ಏಳಲೇ ಇಲ್ಲ. ಊರವರು ರೊಟ್ಟಿ, ಕೌದಿ, ಹಳೆ ಬಟ್ಟೆ ಎಲ್ಲ ಗಂಟು ಕಟ್ಟಿ ಟ್ರಕ್ಕಿನಲ್ಲಿ ಒಯ್ಯುವಾಗ ಅಪ್ಪನೂ ಹೋದ. ತಿರುಗಿ ಬಂದವನು ಸರಿಯಾಗಿ ಉಣ್ಣಲಿಲ್ಲ. ಅವ್ವ ಕೇಳಿ ಕೇಳಿ ಸಾಕಾದ ಮೇಲೆ, "ಮಂದೀನ ಭೂಮಿ ಕೊಂದಿಲ್ಲ. ಮಾಳಗಿ ಕೊಂದೈತಿ," ಎಂದ. ಅಷ್ಟನ್ನು ಕಣ್ಣಾರೆ ಕಂಡು ಬಂದ ಮನುಷ್ಯ ಮುಂದಿನ ಮಿರಗಕ್ಕೆ ಏನು ಮಾಡಿದ? ಬುಟ್ಟಿ ಹಿಡಿದ. ಸೋರುವುದು ವರ್ಷವರ್ಷದ ಮಾತು, ನಡುಗುವುದು ಯಾವಾಗಲೋ. ಅಪ್ಪ ಅದೇ ಮಾಳಿಗೆಯ ಕೆಳಗೆ ಮುಪ್ಪಾಗಿ, ಹಾಸಿಗೆಯ ಮೇಲೆ ತಣ್ಣಗೆ ತೀರಿಕೊಂಡ. ಅದರಿಂದ ಅಣ್ಣನಿಗೂ ಅವ್ವನಿಗೂ ಮಾಳಿಗೆಯ ಮೇಲಿನ ನಂಬಿಕೆ ಇನ್ನಷ್ಟು ಗಟ್ಟಿಯಾಯಿತೇನೋ.

ಟೀವಿಯಲ್ಲಿ ಆ ಕಿಟ್ಲಿ ನೋಡಿದ ದಿನದಿಂದ ನನಗೆ ಹೆದರಿಕೆ ಹತ್ತಿತು. ಬಾಯಿಮಾತಿಗೆ ಹೇಳುತ್ತಿಲ್ಲ, ರಾತ್ರಿ ನಡುನಿದ್ದೆಯಲ್ಲಿ ಎದ್ದು ಕೂತುಬಿಡುತ್ತಿದ್ದೆ. ಮ್ಯಾನ್ಮಾರ್ ಆಯಿತು, ಮತ್ತೆ ಅಫ್ಘಾನಿಸ್ತಾನ ಆಯಿತು, ನಡುನಡುವೆ ಹೆಸರೇ ನಾಲಿಗೆಗೆ ತಿರುಗದ ದ್ವೀಪಗಳು. ಮೊದಲು ಇಷ್ಟು ಆಗುತ್ತಿತ್ತೋ ಇಲ್ಲವೋ, ಇಲ್ಲಾ ಈಗ ತೋರಿಸುವವರು ಹೆಚ್ಚಾಗಿದ್ದಾರೋ, ನನಗೆ ತಿಳಿಯದು. ಮರಾಠಿ ಮಾತಾಡುವ ಒಬ್ಬ ಗಿರಾಕಿ ಒಮ್ಮೆ, "ತಾಈ, ಬಂದ ಕರಾ ತೋ ಟೀವಿ," ಎಂದು ತಾನೇ ಎದ್ದು ಆರಿಸಿದಳು. ಆಮೇಲೆ ನಾನು ಹೊಲಿದ ರವಿಕೆಯನ್ನು ನನ್ನ ಮುಂದೆಯೇ ಹಿಡಿದು, "ಅಲ್ಲಿ ನೆಲ ನಡುಗಿದ್ರ ಇಲ್ಲಿ ನನ್ನ ಕೊರಳಪಟ್ಟಿ ಸೊಟ್ಟ ಆಗೇತಿ ನೋಡ್ರಿ," ಎಂದಳು. ಸೊಟ್ಟಾಗಿದ್ದದ್ದು ನಿಜ. ಬಿಚ್ಚಿ ಹೊಲಿದು ಕೊಟ್ಟೆ.

ನಮ್ಮ ಮನೆಯವರು ತಂಬಾಕಿನ ವಖಾರಿಯಲ್ಲಿ ಕೆಲಸ ಮಾಡುತ್ತಾರೆ. ಸಂಜೆ ಬಂದು ಚಪ್ಪಲಿ ಬಿಡುವಾಗಲೇ, "ಇವತ್ತ ಎಲ್ಲೆಲ್ಲಿ ಬಿತ್ತು?" ಎಂದು ಚೇಷ್ಟೆ ಮಾಡುತ್ತಿದ್ದರು. ನಗುವ ಮಾತೇನ್ರಿ ಇದು ಎಂದು ನಾನು ಸಿಡಿಮಿಡಿ. "ಅದು ಎಲ್ಲೋ, ನಾವು ಎಲ್ಲೋ," ಎನ್ನುತ್ತಿದ್ದರು ಅವರು. "ಊರಿಗೆ ಬಂದಾಕಿ ನೀರಿಗೆ ಬರೂದಿಲ್ಲೇನ್ರಿ?" ಎಂದರೆ ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋಗುತ್ತಿದ್ದರು.

ಪ್ರತಿ ಸಲ ಸುದ್ದಿ ಬಂದಾಗಲೂ ಅಣ್ಣನಿಗೆ ಫೋನು ಹಚ್ಚುತ್ತಿದ್ದೆ. ಅಣ್ಣ ಕಬ್ಬು ಬೆಳೆಯುತ್ತಾನೆ, ಹಂಗಾಮಿನಲ್ಲಿ ಟ್ರ್ಯಾಕ್ಟರಿನ ಮೇಲೆ ಕಾರ್ಖಾನೆಗೆ ಕಬ್ಬು ಸಾಗಿಸುತ್ತಾನೆ. ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಎಂದವನಲ್ಲ. ಅವನ ದೊಡ್ಡ ಗುಣ ಅದೇ, ದೊಡ್ಡ ತೊಂದರೆಯೂ ಅದೇ. ನಾನು ಅಷ್ಟುದ್ದ ಹೇಳಿದ ಮೇಲೆ, "ಹೂಂ ಬೇ, ಆತು. ಉಂಡಿ ಇಲ್ಲೋ?" ಎನ್ನುತ್ತಿದ್ದ. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಆ ಕಿಟ್ಲಿ ನೋಡಿದ ಮರುವರ್ಷ ನಾಗರಪಂಚಮಿಗೆ ಅಣ್ಣ ಎಂದಿನಂತೆ ಕರೆಯಲು ಬಂದ, ಎಂದಿನಂತೆ ಹೋದೆ. ಮನೆಯಲ್ಲಿ ಹಬ್ಬದ ಸಿಹಿ ಉಂಡಿ ಕಟ್ಟುವ ಗಡಿಬಿಡಿ. ನಾನು ಟೇಪು ಹಿಡಿದುಕೊಂಡು ಮಾಳಿಗೆ ಹತ್ತಿದೆ. ಅಡುಗೆಮನೆಯ ನೆತ್ತಿಯ ಮೇಲೆ ಒಂದು ಬೆಳಕಿಂಡಿ ಇದೆ. ಪ್ರತಿ ವರ್ಷ ಮಣ್ಣು ಏರಿದಂತೆಲ್ಲ ಅದರ ಬಾಯಿಯನ್ನೂ ಏರಿಸುತ್ತ ಬಂದಿದ್ದರು. ಸಣ್ಣವರಿದ್ದಾಗ ನಾವು ಕೆಳಗೆ ಮಲಗಿ ಅದರೊಳಗಿಂದ ಮೋಡ ನೋಡುತ್ತಿದ್ದೆವು. ಈಗ ಅದು ಸಣ್ಣ ಬಾವಿಯಂತೆ ಆಳವಾಗಿತ್ತು. ಟೇಪು ಇಳಿಬಿಟ್ಟೆ. ಒಂದೂವರೆ ಮೊಳ ಇಳಿದ ಮೇಲೆ ಅದರ ತುದಿ ಜಂತಿಗೆ ತಾಗಿತು. ರವಿಕೆಯ ಉದ್ದ, ತೋಳಿನ ಉದ್ದ ಅಳೆದು ಬದುಕಿದವಳು ನಾನು. ನನ್ನವರ ತಲೆಯ ಮೇಲೆ ಎಷ್ಟು ಮಣ್ಣಿದೆ ಎಂಬುದನ್ನು ಅಳೆದದ್ದು ಅದೇ ಮೊದಲು.

ಕೆಳಗೆ ಇಳಿದು ಬಂದು ಹೇಳಿದೆ. ವೈನಿ ಬೆಲ್ಲದ ಪಾಕ ಕಲಕುತ್ತಿದ್ದಳು. ಅವ್ವ ಕೈಯಲ್ಲಿದ್ದ ಉಂಡಿಯನ್ನು ತಾಟಿನಲ್ಲಿಟ್ಟು ನನ್ನ ಕಡೆ ನೋಡಿದಳು.

"ನಿಮ್ಮಪ್ಪ ಹೊತ್ತ ಮಣ್ಣವಾ ಅದು. ಅದನ್ನ ತಿಪ್ಪಿಗಿ ಒಗೀಬೇಕೇನ?"

"ಅಪ್ಪ ಕಿಲ್ಲಾರಿಗಿ ಹೋಗಿ ನೋಡಿ ಬಂದಿದ್ದಲ್ಲವಾ. ನಿನ್ನ ಮುಂದನ ಹೇಳಿದ್ದ."

"ಹೇಳಿದ್ದ. ಹೇಳಿದಾವನ ಮತ್ತ ಹೊತ್ತ. ಹೊಳಿ ಬಂದಾಗ ಊರಾಗ ಎಷ್ಟ ಮನಿ ಕುಂತೂ, ಇದು ನಿಂತೈತಿ. ಮೊಣಕಾಲಮಟ ನೀರ ಇತ್ತಿಲ್ಲಿ."

ನನ್ನ ಹೆದರಿಕೆಯ ಅರ್ಧ ಪಾಲು ಆ ಮೊಣಕಾಲು ನೀರೇ. ಹೊಳೆ ಇಳಿದ ಮೇಲೆ ಗೋಡೆಯ ಬುಡ ಎಷ್ಟೋ ದಿನ ಹಸಿಯಾಗಿಯೇ ಇತ್ತು. ಒತ್ತಿದರೆ ಮಣ್ಣು ಬೆರಳಿಗೆ ಬರುತ್ತಿತ್ತು. ಅದರ ಮೇಲೆ ವೈನಿ ಮತ್ತೆ ಮತ್ತೆ ಸಾರಿಸಿ, ಸುಣ್ಣ ಬಳಿದು ಚಂದ ಮಾಡಿದ್ದಳು. ಅವ್ವನಿಗೆ ಆ ನೀರು ಮನೆಯ ಗಟ್ಟಿತನಕ್ಕೆ ಸಾಕ್ಷಿಯಾಗಿತ್ತು. ಒಂದೇ ಗೋಡೆಯನ್ನು ನೋಡಿ ಇಬ್ಬರಿಗೆ ಎರಡು ತೋರಿದರೆ ಜಗಳ ಮಾಡುವುದಾದರೂ ಹೇಗೆ?

"ಮಣ್ಣ ಇಳಸೂದ ಆಗಲಿಲ್ಲಂದ್ರ ಹಿತ್ತಲದಾಗ ತಗಡಿನ ಪತ್ರಾಸ ಹಾಕಿ ಅದರ ಕೆಳಗರೆ ಮಲಗ್ರಿ," ಎಂದೆ.

"ಪತ್ರಾಸಿನ ಕೆಳಗ ಎಮ್ಮಿ ಮಲಗತಾವು," ಎಂದಳು ಅವ್ವ. ವೈನಿ ನಕ್ಕಳು. ನನಗೆ ಅಳು ಬಂತು. ನಮ್ಮ ಮನೆಯಲ್ಲಿ ಎಮ್ಮೆಗಳಷ್ಟು ಭದ್ರವಾಗಿ ಮನುಷ್ಯರು ಮಲಗುತ್ತಿರಲಿಲ್ಲ.

ಅಣ್ಣ ಒಮ್ಮೆ ಮೇಲೆ ಹತ್ತಿ ಗುದ್ದಲಿಯಿಂದ ಒಂದು ಮೂಲೆ ಕೆದಕಿ ನೋಡಿದ. ನನ್ನ ಸಮಾಧಾನಕ್ಕೆ. ಮಣ್ಣು ಸರಿಸಿದಲ್ಲಿ ಒಂದು ಜಂತಿ ಹುಳ ಹಿಡಿದು ಹಿಟ್ಟಾಗಿತ್ತು. ತಕ್ಷಣ ಮಣ್ಣು ಮುಚ್ಚಿ, ಕಾಲಿನಿಂದ ತುಳಿದು ಇಳಿದು ಬಂದ. "ತಗದ್ರ ಕೆಡತೈತಿ ಬೇ. ಅದ ಮಣ್ಣಿನ ಬಿಗಿಗೆ ನಿಂತೈತಿ," ಎಂದ. ಅವನು ಹೇಳಿದ್ದು ಸುಳ್ಳಲ್ಲ. ತೆಗೆದರೂ ಬೀಳುತ್ತದೆ, ಬಿಟ್ಟರೂ ಬೀಳುತ್ತದೆ ಎನ್ನುವಂಥ ಮಾಳಿಗೆಯ ಕೆಳಗೆ ಕೂತು ಎಲ್ಲರೂ ಉಂಡಿ ತಿಂದೆವು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುತ್ತಾರೆ. ಕುಲದ ಮಾತು ಹಾಗಿರಲಿ, ತವರಿನ ಮಾಳಿಗೆಯ ವಿಷಯದಲ್ಲಂತೂ ನಾನು ಹೊರಗಿನವಳೇ ಆಗಿದ್ದೆ.

ಮುಂದಿನ ಬೇಸಿಗೆಯಲ್ಲಿ ಮತ್ತೆ ಮಣ್ಣು ಹಾಕಿದರೆಂದು ವೈನಿ ಫೋನಿನಲ್ಲಿ ಬಾಯಿ ತಪ್ಪಿ ಹೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು. ಆ ಸಲ ಪಂಚಮಿಗೆ ಅಣ್ಣ ಕರೆಯಲು ಬಂದ. ಚೀಲದಲ್ಲಿ ಜೋಳದ ಅಳ್ಳು, ಅವ್ವ ಕಳಿಸಿದ ಬೆಲ್ಲ. ಗಿರಾಕಿಗಳ ಮುಂದೆಯೇ ಹೇಳಿಬಿಟ್ಟೆ: "ಆ ಮಣ್ಣ ಇರೋತನಕ ನಾ ಬರೂದಿಲ್ಲ. ನನ್ನ ಬಿಟ್ಟ ಹಬ್ಬ ಮಾಡ್ರಿ."

ನಮ್ಮ ಕಡೆ ಪಂಚಮಿಗೆ ತಂಗಿಯನ್ನು ಕರೆಯಲು ಬಂದ ಅಣ್ಣ ಒಬ್ಬನೇ ತಿರುಗಿ ಹೋಗುವುದೆಂದರೆ ಏನೆಂದು ಹೇಳಬೇಕಾಗಿಲ್ಲ. ಬಸ್ಸಿಳಿದಲ್ಲಿಂದ ಮನೆ ಮುಟ್ಟುವವರೆಗೆ ಊರೆಲ್ಲ ಕೇಳುತ್ತದೆ, ತಂಗಿ ಎಲ್ಲಿ ಅಂತ. ಅಷ್ಟು ಗೊತ್ತಿದ್ದೇ ಹೇಳಿದೆ. ಬೇರೆ ಯಾವ ಮಾತಿಗೂ ಬಗ್ಗದವನು ಇದಕ್ಕಾದರೂ ಬಗ್ಗಲಿ ಎಂದು. ಅಣ್ಣ ಚಹಾ ಕುಡಿಯುತ್ತ ತಲೆಯೆತ್ತಿ ನಮ್ಮ ಬಾಡಿಗೆ ಮನೆಯ ನೆತ್ತಿ ನೋಡಿದ.

"ಇದು ಸ್ಲ್ಯಾಬ ಅಲ್ಲೇನ?"

"ಹೌದು."

"ಇದರ ಕೆಳಗ ನಿನಗ ಅಂಜಿಕಿ ಬರೂದಿಲ್ಲ?"

"ಇದರದ ಅಂಜಿಕಿ ನನಗಿಲ್ಲಣ್ಣಾ. ನಿಮ್ಮದ ಐತಿ."

ಅಣ್ಣ ತಲೆಯಾಡಿಸಿದ. ಕಪ್ಪು ಕೆಳಗಿಟ್ಟು ಮತ್ತೊಮ್ಮೆ ಸ್ಲ್ಯಾಬನ್ನು ದಿಟ್ಟಿಸಿ ನೋಡಿ ಎದ್ದು ಹೋದ. ಅವನ ಬೆನ್ನು ಓಣಿಯ ತಿರುವಿನಲ್ಲಿ ಮರೆಯಾದ ಮೇಲೆ ನಾನು ಮಶೀನಿನ ಮೇಲೆ ತಲೆಯಿಟ್ಟು ಅತ್ತೆ. ಆ ವರ್ಷ ದೀಪಾವಳಿಗೂ ಹೋಗಲಿಲ್ಲ. ಸಂಕ್ರಾಂತಿಗೂ ಹೋಗಲಿಲ್ಲ. ಅವ್ವ ಫೋನು ಮಾಡಿದರೆ, ಕೆಲಸ ಬಹಳ ಐತವ್ವಾ ಎನ್ನುತ್ತಿದ್ದೆ. ಟೀವಿ ಮಾತ್ರ ತನ್ನ ಪಾಡಿಗೆ ತಾನು ಒಂದೊಂದೇ ಊರು ಬೀಳಿಸುತ್ತಿತ್ತು.

ಬೇಸಿಗೆ ಮುಗಿಯುತ್ತ ಬಂದಾಗ ಅಣ್ಣನ ಫೋನು. "ಈ ಸಲ ಮಣ್ಣ ಹಾಕಿಲ್ಲ ಬೇ. ಇನ್ನ ಮುಂದೂ ಹಾಕೂದಿಲ್ಲ. ನಿನ್ನ ಮಾತ ನಡಿಸೀನಿ. ಪಂಚಮಿಗಿ ಬಾ, ನೋಡುವಂತಿ." ಏನು ಮಾಡಿದಿರಿ ಎಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ನನಗೆ ಆದ ಸಂತೋಷ ಹೇಳಲಾರೆ. ಅಷ್ಟೂ ವರ್ಷಗಳಲ್ಲಿ ಮೊದಲ ಬಾರಿಗೆ ಟೀವಿ ಆರಿಸಿ ಹೊಲಿಯಲು ಕೂತೆ. ಗಂಡನ ಮುಂದೆ ಜಂಬ ಕೊಚ್ಚಿಕೊಂಡೆ. ಮಣ್ಣು ಇಳಿಸಿ, ಜಂತಿ ತೆಗೆದು, ಹಗುರವಾಗಿ ಪತ್ರಾಸು ಹೊದಿಸಿರಬೇಕು ಎಂದು ನಾನೇ ಲೆಕ್ಕ ಹಾಕಿಕೊಂಡೆ.

ಪಂಚಮಿಗೆ ಅಣ್ಣ ಬಂದ. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸುವಾಗ ಅಂಗಡಿಯಲ್ಲಿ ಕೂಡಿಸಿ ಚಹಾ ಕುಡಿಸಿದ, ದಾರಿಯುದ್ದಕ್ಕೂ ತನ್ನಷ್ಟಕ್ಕೆ ತಾನು ನಗುತ್ತಿದ್ದ. ಊರಲ್ಲಿ ಬಸ್ಸಿಳಿದು ನಮ್ಮ ಓಣಿ ಹೊಕ್ಕ ಕೂಡಲೇ ಕಂಡಿತು. ಹಳೆಯ ಮನೆಯ ಮೇಲೆ ಒಂದು ಹೊಸ ಕೋಣೆ ಎದ್ದು ನಿಂತಿತ್ತು. ಇಟ್ಟಂಗಿಯ ಗೋಡೆ, ಗುಲಾಬಿ ಬಣ್ಣ, ನೆತ್ತಿಗೆ ಸ್ಲ್ಯಾಬು. ಗಾಳಿ ಬರಲೆಂದು ಎರಡು ಕಿಟಕಿ.

ನಾನು ಓಣಿಯಲ್ಲೇ ನಿಂತೆ. "ಕೆಳಗಿನ ಮಣ್ಣು?" ಎಂದೆ.

"ಅದು ಹಂಗ ಐತಿ. ಯಾಕ ಇಳಸೂದು? ಸಪಾಟ ಮಾಡಿ ಮ್ಯಾಲ ಫರಸಿ ಕಲ್ಲ ಹಾಸೇವಿ. ಬ್ಯಾಸಗ್ಯಾಗ ಕೆಳಗ ತಂಪ ಇರತೈತಿ. ಇನ್ನ ಸೋರೂದಿಲ್ಲ, ವರ್ಷಾ ಮಣ್ಣ ಹೊರೂದ ತಪ್ಪಿತು."

"ಗೋಡಿ ತಡೀತಾವೇನಣ್ಣಾ?"

"ಮನಿ ಕಟ್ಟೋ ಗೌಂಡಿ ನೋಡ್ಯಾನ. ಎರಡ ಮೊಳದ ಗೋಡಿ, ಇದರ ಮ್ಯಾಲ ಆನಿ ತಂದ ನಿಂದರಸ್ರಿ ಅಂದಾನ. ನಿಮ್ಮ ಮನಿ ಸ್ಲ್ಯಾಬಿಗಿಂತ ಇದು ದಪ್ಪ ಐತಿ ನೋಡ."

ಒಳಗೆ ಹೋದರೆ ಅಡುಗೆಮನೆಯಲ್ಲಿ ಹಗಲಿಗೇ ಬಲ್ಬು ಉರಿಯುತ್ತಿತ್ತು. ಬೆಳಕಿಂಡಿ ಮುಚ್ಚಿ ಹೋಗಿತ್ತು. ಅವ್ವ ಬಾಗಿಲಿಗೆ ಬಂದು ನನ್ನ ಎರಡೂ ಕೈ ಹಿಡಿದು, "ಬಂದಿ?" ಎಂದಳು. ವರ್ಷದ ಮೇಲಾಗಿತ್ತು ಅವಳನ್ನು ನೋಡಿ, ಕುಗ್ಗಿದ್ದಳು. ವೈನಿ ನನ್ನ ಕೊರಳಿಗೆ ಕೈ ಹಾಕಿದಾಗ ನೋಡಿದೆ, ಅವಳ ಕೊರಳಲ್ಲಿ ಬಂಗಾರ ಇರಲಿಲ್ಲ, ಬರಿಯ ಕರಿಮಣಿ ಇತ್ತು. ಮೂವರೂ ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ಪರೀಕ್ಷೆ ಬರೆದವರು ಮಾಸ್ತರರ ಮುಖ ನೋಡುವ ಹಾಗೆ.

ಏನು ಹೇಳಲಿ? ಕಲ್ಲಿಗೂ ಕಲ್ಲಿಗೂ ನಡುವೆ ಇರುವುದು ಮಣ್ಣು, ಅದು ಹೊಳೆಯ ನೀರು ಕುಡಿದ ಮಣ್ಣು, ಅದರ ಮೇಲೆ ಹುಳ ತಿಂದ ಜಂತಿ, ಅದರ ಮೇಲೆ ಮೂರು ತಲೆಮಾರಿನ ಸವಳು, ಅದರ ಮೇಲೆ ಫರಸಿ, ಇಟ್ಟಂಗಿ, ಸ್ಲ್ಯಾಬು. ಕೆಡವಿ ಎನ್ನಲೇ? ಕೆಡವಿ ಮತ್ತೆ ಕಟ್ಟಲು ವೈನಿಯ ಕೊರಳಲ್ಲಿ ಇನ್ನೇನೂ ಉಳಿದಿರಲಿಲ್ಲ. ನಾನು ಹೇಳಿದರೆ ಆಗುವುದು ಒಂದೇ: ನಾನು ಕಳೆದುಕೊಂಡ ನಿದ್ದೆಯನ್ನು ಅವರೂ ಕಳೆದುಕೊಳ್ಳುತ್ತಿದ್ದರು. ಅದನ್ನಾದರೂ ಬಿಡೋಣ ಎನ್ನಿಸಿತು.

"ಚಲೋ ಆಗೇತಿ," ಎಂದೆ.

ಅಣ್ಣನ ಮುಖ ಅರಳಿತು. ಅವ್ವ, "ನಾ ಹೇಳಲಿಲ್ಲ, ಆಕೀಗಿ ಪಸಂದ ಆಗತೈತಿ ಅಂತ," ಎಂದು ವೈನಿಯ ಕಡೆ ತಿರುಗಿದಳು. ನನ್ನನ್ನು ಮೇಲೆ ಕರೆದುಕೊಂಡು ಹೋದರು. ಮಂಚ, ಹೊಸ ಗಾದಿ, ಮೂಲೆಯಲ್ಲಿ ಒಂದು ಫ್ಯಾನು. ಒಂದು ಆಸೆ ಇನ್ನೂ ಉಳಿದಿತ್ತು ನನಗೆ. ಈ ಕೋಣೆ ಮೇಲಿದೆ. ಬಿದ್ದರೂ ಇದರಲ್ಲಿದ್ದವರು ಮಣ್ಣಿನ ಅಡಿಗೆ ಸಿಗುವುದಿಲ್ಲ. "ಎಲ್ಲಾರೂ ಇಲ್ಲೇ ಮ್ಯಾಲ ಮಲಗ್ರಿ ಹಂಗಾರ," ಎಂದೆ.

"ಅವ್ವಗ ನಿಚ್ಚಣಕಿ ಹತ್ತಾಕ ಆಗತೈತೇನ?" ಎಂದ ಅಣ್ಣ. "ಆಕೀನ ಒಬ್ಬಾಕಿನ್ನ ಕೆಳಗ ಬಿಟ್ಟು ನಾವ ಮ್ಯಾಲ ಮಲಗೂದು ಚಂದ ಕಾಣತೈತಿ? ನಮಗ ಕೆಳಗ ರೂಢಿ ಐತಿ. ಇದು ನಿಂದ. ನೀ ಬಂದಾಗ ತಗಿಯೂದು, ಹೋದಾಗ ಕೀಲಿ ಹಾಕೂದು." ಕೀಲಿಕೈ ತೆಗೆದು ನನ್ನ ಕೈಯಲ್ಲಿಟ್ಟ.

ಊಟವಾದ ಮೇಲೆ ಮಧ್ಯಾಹ್ನ ಒಂದು ಗಳಿಗೆ ಅಡ್ಡಾಗು ಎಂದು ವೈನಿ ನನ್ನನ್ನು ಮೇಲೆ ಕಳಿಸಿದಳು. ಅವಳ ಮನಸ್ಸು ನೋಯಿಸಬಾರದೆಂದು ಹೋಗಿ ಮಲಗಿದೆ. ಫ್ಯಾನು ತಿರುಗುತ್ತಿತ್ತು. ಕೆಳಗೆ ಅವ್ವ ಕೆಮ್ಮುವುದು, ವೈನಿ ತಾಟು ತೊಳೆಯುವುದು, ಅಣ್ಣ ಗೋಡೆಗೆ ಒರಗಿ ಕೂತು ಯಾರಿಗೋ ಫೋನಿನಲ್ಲಿ ತಂಗಿ ಬಂದಾಳ ಎಂದು ಹೇಳುವುದು, ಎಲ್ಲ ಕೇಳಿಸುತ್ತಿತ್ತು. ಮೂವರೂ ನನ್ನ ಮಂಚದ ನೇರ ಕೆಳಗಿದ್ದರು. ಅವರ ತಲೆಯ ಮೇಲಿನ ಭಾರ ಇಳಿಸಿ ಎಂದು ಇಷ್ಟು ವರ್ಷ ಜಗಳಾಡಿದವಳು ಈಗ ಆ ಭಾರದ ಮೇಲೆ ಗಾದಿ ಹಾಕಿಕೊಂಡು ಮಲಗಿದ್ದೆ. ಮಗ್ಗಲು ಬದಲಿಸಲೂ ಭಯವಾಯಿತು.

ಸ್ವಲ್ಪ ಹೊತ್ತಿಗೆ ಅವ್ವ ಅಂಗಳಕ್ಕೆ ಬಂದು ನಿಂತು ಮೇಲೆ ಮುಖ ಮಾಡಿ ಕೇಳಿದಳು, "ಈಗರೆ ಅಂಜಿಕಿ ಹೋತೇನವಾ?"

"ಹೋತವ್ವಾ," ಎಂದೆ.